ಕಂಪನಿ ಹುಡುಗಿ, ನಮ್ಮ ಏಳನೇತ್ತೆ

ನಾಟಕ ಕಂಪನಿ ಲಕ್ಷ್ಮೇಶ್ವರಕ್ಕ ಬಂದು ಡೇರೆ ಹೊಡೀತಂದ್ರ ಊರಿಗೆಲ್ಲ ಹಬ್ಬ, ನನಗ ತಲಿಶೂಲಿ. ಕಂಪನಿ ಮಕ್ಕಳನ್ನೆಲ್ಲ ಹೆಡ್ ಮಾಸ್ತರು ನನ್ನ ಏಳನೇತ್ತೆ ವರ್ಗಕ್ಕ ತಳ್ಳತಿದ್ರು. "ಎರಡ ತಿಂಗಳ ಅಲ್ಲೇನ್ರಿ, ಸಂಭಾಳಸ್ರಿ" ಅಂತಿದ್ರು. ಎಪ್ಪತ್ತರ ದಶಕಾ ಪೂರ್ತಿ ಹಂಗ ಸಂಭಾಳಿಸಿ ಸಂಭಾಳಿಸಿ ನನ್ನ ಕೂದಲಾ ಬೆಳ್ಳಗಾದ್ವು. ಅದರಾಗ ಒಬ್ಬಾಕಿ ಹುಡುಗಿನ್ನ ಮಾತ್ರ ಮರ್ಯಾಕ ಆಗವಲ್ದು.

೧

ಬಂದ ದಿನಾನ ಪುಸ್ತಕದ ಚೀಲದ ಮ್ಯಾಲೆ ತಲಿ ಇಟ್ಟು ಗೊರಕಿ ಹೊಡದ್ಲು. ಕಂಪನಿಯಾಗಿದ್ದ ಇಕಿ ಅಜ್ಜಗ ಕಣ್ಣು ಮಂಜಾಗಿದ್ದಕ್ಕ, ನಾಟಕದಾಗ ಪರದೆ ಹಿಂದ ನಿಂತು ನಟರಿಗೆ ಮರತ ಮಾತು ಎತ್ತಿಕೊಡೂ ಅವನ ಕೆಲಸ ಇಕಿ ಪಾಲಿಗೆ ಬಂದಿತ್ತು. ಪಾಪ, ರಾತ್ರಿ ನಿದ್ದಿ ಎಲ್ಲಿಂದ ಬರಬೇಕು? ಬಾಜೂಕ ಕುಂತಾಕಿ ತಿವಿದು ಎಬ್ಬಿಸಿದ್ಲು. ಇಕಿ ಧಡಕ್ಕನ ಎದ್ದು ಕೇಳಿದ್ಲು: "ಯಾರು ಮಾತು ಮರತ್ರು?"

೨

ಒಂದಿನ ಪಾಠ ಓದದ ಹುಡುಗನ ಮ್ಯಾಲೆ ಸಿಟ್ಟು ನೆತ್ತಿಗೇರಿ ಬೆತ್ತ ಎತ್ತಿದೆ. ಹಿಂದಿನ ಸಾಲಿನಿಂದ ಅಕಿ ದನಿ ಮೆಲ್ಲಗ ಬಂತು: "ಸರ್ರ, ಒಂಚೂರು ಮುಂದ ಬರ್ರಿ. ಹಿಂದಿನವರಿಗೆ ಕಾಣಂಗಿಲ್ಲ."

ಇನ್ನೆಲ್ಲಿ ಬಡೀಲಿ!

೩

ಅವರವ್ವ ಕಂಪನಿಯಾಗ ರಾಣಿ ಪಾತ್ರದಾಕಿ. ಶಾಲಿಗೆ ಬಂದು ಕೈಮುಗಿದ್ಲು. "ಸರ್ರ, ಇಕಿ ಏಳನೇತ್ತೆ ಪರೀಕ್ಷಾಕ್ಕ ಕೂಡ್ರಲೇಬೇಕ್ರಿ. ನನ್ನ ಜಲ್ಮ ಅಂತೂ ಬಣ್ಣ ಹಚ್ಚೂದ್ರಾಗ ಹೋತು" ಅಂತ ಅಳಾಕ ಹತ್ತಿದ್ಲು. ಬಾಗಲದಾಗ ನಿಂತ ಮಗಳು ಮೆಲ್ಲಗ ಅಂದ್ಲು: "ಅವ್ವಾ, ಸೆರಗು."

ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡ್ಲು. ಅತ್ತಿದ್ದೇನೋ ಖರೇನ, ಸೆರಗು ಮಾತ್ರ ಮಗಳು ಹೇಳಿಕೊಟ್ಟಿದ್ದು.

೪

ಗದಗದಾಗ ಒಂದಿಷ್ಟು ದಿನ, ಮುಂಡರಗ್ಯಾಗ ಒಂದಿಷ್ಟು ದಿನ ಕಲತಾಕಿಗೆ ಹಾಜರಿ ಹೆಂಗ ತುಂಬಬೇಕು? ಪರೀಕ್ಷಾಕ್ಕ ಕೂಡ್ರಾಕ ಇನ್ಸ್‌ಪೆಕ್ಟರ್ ಸಾಹೇಬ್ರ ಅನುಮತಿನ ಬೇಕು. ಅವರು ತಪಾಸಣಿಗೆ ಬಂದ್ರು. ವಯಸ್ಸಾಗಿತ್ತು, ನೆನಪು ಕೈಕೊಡತಿತ್ತು. "ಮಕ್ಕಳೇ, ನೀವು ಈ ನಾಡಿನ..." ಅಂದು ನಿಂತ್ರು.

"ಭಾವೀ ಪ್ರಜೆಗಳು" ಅಂತು ಹಿಂದಿನ ಸಾಲು.

"ಭಾವೀ ಪ್ರಜೆಗಳು!" ಅಂತ ಸಾಹೇಬ್ರು ಗುಡುಗಿದ್ರು. ಊರೂರು ಶಾಲ್ಯಾಗ ಇದ ಭಾಷಣ ಕೇಳಿದಾಕಿಗೆ ಎಲ್ಲಾ ಬಾಯಿಪಾಠ. ಹಂಗ ಅಕಿ ಎತ್ತಿಕೊಟ್ಟಂಗ ಸಾಹೇಬ್ರು ಭಾಷಣ ಮುಗಿಸಿದ್ರು. ನಾ ಬೆವತು ತೊಪ್ಪಿಯಾದೆ.

ಕಡೀಕ ಧೈರ್ಯ ಮಾಡಿ ಅಕಿ ಸುದ್ದಿ ತೆಗೆದೆ. ಸಾಹೇಬ್ರು ಹುಬ್ಬು ಗಂಟಿಕ್ಕಿದ್ರು. "ಹಾಜರಿ ಇಲ್ಲದವರಿಗೆ ನಾವು..." ಅಂದು ತಡವರಿಸಿದ್ರು.

"ಅನುಮತಿ ಕೊಟ್ಟೇವಿ" ಅಂತು ಹಿಂದಿನ ಸಾಲು.

"ಅನುಮತಿ ಕೊಟ್ಟೇವಿ!" ಅಂದ ಬಿಟ್ರು ಸಾಹೇಬ್ರು.

ಮಕ್ಕಳು ಚಪ್ಪಾಳಿ ಹೊಡದ್ರು. ಎಲ್ಲಾರ ಮುಂದ ಅಂದ ಮಾತು ನುಂಗಾಕ ಬರತೈತೇನು? ಸಾಹೇಬ್ರು ಹಿಂದಿನ ಸಾಲು ನೋಡಿದ್ರು, ನನ್ನ ನೋಡಿದ್ರು, ಹೊಟ್ಟಿ ಹಿಡಕೊಂಡು ನಕ್ಕು ಸಹಿ ಹಾಕಿದ್ರು.

ನಾ ಬಾಯಿ ತಕ್ಕೊಂಡು ನಿಂತ ಬಿಟ್ಟಿದ್ದೆ. ಹಿಂದಿನಿಂದ ಮತ್ತ ಅದ ದನಿ: "ಸರ್ರ, ಈಗ ನಿಮ್ಮ ಮಾತು. ನಮಸ್ಕಾರ ಅನ್ರಿ."