ಸಹಿಯಿಲ್ಲದ ಭಾವ

ಸಾಂಬಾರು ಅನ್ನದ ಜಾಗವನ್ನು ಒತ್ತುವರಿ ಮಾಡಿದೆ ಎಂದು ಊಟದ ತಟ್ಟೆಯ ಮುಂದೆ ತಕರಾರು ತೆಗೆಯುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ನಾವು ಹೋಗಿ ಹೋಗಿ ಅಂಥವರಿಗೇ ನನ್ನ ಒಬ್ಬಳೇ ಅಕ್ಕನನ್ನು ಕೊಟ್ಟಿದ್ದೇವೆ!

ನನ್ನ ಈ ಭಾವ ದುಬೈಯಲ್ಲಿ ನಗರ ಯೋಜನೆಯ ಕೆಲಸದವರು. ಮನೆ ಎಲ್ಲಿ ಬರಬೇಕು, ಅಂಗಡಿ ಎಲ್ಲಿ, ಗೋದಾಮು ಎಲ್ಲಿ ಎಂದು ಖಾಲಿ ಮರಳಿನ ನಕ್ಷೆಯ ಮೇಲೆ ಗೆರೆ ಎಳೆಯುವುದು ಅವರ ಕಸುಬು. ಆಫೀಸಿನಲ್ಲೇ ಎಳೆದು ಮುಗಿಸಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಉಳಿದ ಗೆರೆಗಳನ್ನು ಮನೆಗೆ ತರುತ್ತಾರಲ್ಲ! ಅಲ್ ಬರ್ಷಾದ ಅವರ ಪುಟ್ಟ ಫ್ಲ್ಯಾಟಿನಲ್ಲಿ ಹಾಲ್ ಎಂದರೆ ವಾಣಿಜ್ಯ ವಲಯ, ಯಾಕೆಂದರೆ ಅಕ್ಕ ಅಲ್ಲಿ ಕೂತು ಮೊಬೈಲಿನಲ್ಲಿ ಸೀರೆ ತರಿಸುತ್ತಾಳೆ. ವಾಷಿಂಗ್ ಮೆಷೀನ್ ಗುಡುಗುವ ಬಾಲ್ಕನಿ ಕೈಗಾರಿಕಾ ವಲಯ. ಒಂದು ದಿನ ಅಕ್ಕ ಬಂಗುಡೆ ಮೀನು ಹುರಿಯುತ್ತಿದ್ದಾಗ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು: "ಇಷ್ಟು ಹೊಗೆ ಬಂದ್ರೆ ಇದು ಕೈಗಾರಿಕೆ. ಒಲೆ ಬಾಲ್ಕನಿಗೆ ಹೋಗ್ಬೇಕು."

"ಹೋಗ್ಲಿ. ಬಂಗುಡೆಯೂ ಒಲೆಯ ಜೊತೆಗೇ ಹೋಗ್ತದೆ. ನೀವು ವಾಣಿಜ್ಯ ವಲಯದಲ್ಲಿ ಕೂತು ಗಂಜಿ ಕುಡೀರಿ," ಎಂದಳು ಅಕ್ಕ.

ಅಡುಗೆಮನೆಗೆ ಅಲ್ಲೇ, ನಿಂತ ನಿಲುವಿನಲ್ಲೇ, ವಿಶೇಷ ವಿನಾಯಿತಿ ಮಂಜೂರಾಯಿತು!

ಇನ್ನು ಸೆಟ್‌ಬ್ಯಾಕ್. ಕಟ್ಟಡ ಕಟ್ಟುವಾಗ ಪಕ್ಕದಲ್ಲಿ ಬಿಡಬೇಕಾದ ಖಾಲಿ ಜಾಗಕ್ಕೆ ಆ ಹೆಸರಂತೆ. ಭಾವನಿಗೆ ಅದು ಬರೀ ಕಟ್ಟಡದ ಮಾತಲ್ಲ. ಸೋಫಾಕ್ಕೂ ಗೋಡೆಗೂ ಸೆಟ್‌ಬ್ಯಾಕ್, ಇಡ್ಲಿಗೂ ಇಡ್ಲಿಗೂ ಸೆಟ್‌ಬ್ಯಾಕ್. ಗ್ರೂಪ್ ಫೋಟೋದಲ್ಲಿ ಇಡೀ ಸಂಸಾರ ಒತ್ತಿಕೊಂಡು ನಿಂತಿದ್ದರೆ ಇವರೊಬ್ಬರು ಬೇರೆ ಯಾರದೋ ಮದುವೆಗೆ ಬಂದವರಂತೆ ಅತ್ತ ನಿಂತಿರುತ್ತಾರೆ. ದೀಪಾವಳಿಗೆ ತಬ್ಬಿಕೊಳ್ಳಲು ಹೋದರೆ ಅಂಗೈ ಅಡ್ಡ! "ನಡುವೆ ಗಾಳಿ ಆಡ್ಬೇಕು ಮಾರಾಯ."

"ಪಪ್ಪಾ, ಇಟ್ಸ್ ಎ ಹಗ್, ನಾಟ್ ಎ ಬಿಲ್ಡಿಂಗ್!" ಎಂದು ಮಗಳು ಹಣೆ ಚಚ್ಚಿಕೊಳ್ಳುತ್ತಾಳೆ.

"ಎರಡಕ್ಕೂ ಅದೇ ನಿಯಮ."

ಇಂಥ ಮನುಷ್ಯರಿಗೆ ಒಂದು ಕೊರತೆ ಇತ್ತು. ಕಾರಿನಲ್ಲಿ ಹೋಗುವಾಗ, "ಆ ತಿರುವು ನಂದು, ಆ ಪಾರ್ಕಿನ ಗೇಟು ನಂದು," ಎನ್ನುತ್ತಿದ್ದರು. "ನಕ್ಷೆಯಲ್ಲಿ ನಿಮ್ಮ ಹೆಸರು ಉಂಟಾ ಭಾವ?" ಎಂದು ನಾನೊಮ್ಮೆ ಕೇಳಿಬಿಟ್ಟೆ. ಅವರು ಏಸಿ ಜೋರು ಮಾಡಿದರು. ಹೆಸರು ಇರಲಿಲ್ಲ! ನಕ್ಷೆಯ ಮೂಲೆಯ ಚೌಕದಲ್ಲಿ ಸಹಿ ಹಾಕಬೇಕಾದರೆ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಯೋಜಕನೇ ಆಗಿರಬೇಕು. ಪರೀಕ್ಷೆ ಬರೆಯಬೇಕು, ಪದವಿ ದೃಢೀಕರಣವಾಗಬೇಕು, ಸಂದರ್ಶನ ಗೆಲ್ಲಬೇಕು, ಆಮೇಲೆ ಕಾರ್ಡು. ಭಾವ ಬಂದದ್ದು ಬರೀ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ವೀಸಾದಲ್ಲಿ. ಊರಿಗೆಲ್ಲ ವಲಯ ಹಂಚುವವರು ತಮ್ಮ ಕಾರ್ಡಿನ ವಿಷಯ ಬಂದರೆ "ನೋಡುವ, ನೋಡುವ" ಎನ್ನುತ್ತಲೇ ತಲೆ ನರೆಸಿಕೊಂಡಿದ್ದರು.

ಈ ವರ್ಷ ಅವರ ಆಫೀಸಿನಲ್ಲಿ ಸಹಿ ಹಾಕುತ್ತಿದ್ದವನು ಕೆನಡಾಕ್ಕೆ ಹೊರಟುಬಿಟ್ಟ. ಬಾಸ್ ಹೇಳಿದರಂತೆ: "ನೀನು ಕಾರ್ಡು ತಂದರೆ ಆ ಚೌಕ ನಿನ್ನದು. ಇಲ್ಲವಾದರೆ ಹೊಸಬನನ್ನು ತರುತ್ತೇನೆ. ಯಲ್ಲಾ, ಬೇಗ!"

ಭಾವ ಎದ್ದರು ನೋಡಿ! ಪರೀಕ್ಷೆಗೆ ಕೂತರು, ಪಾಸೂ ಆದರು. ಆದರೆ ಪದವಿಪತ್ರ ಹಿಡಿದು ದೃಢೀಕರಣಕ್ಕೆ ಹೋದಾಗ ಕೌಂಟರಿನವನು ಅದನ್ನು ಬೆಳಕಿಗೆ ಹಿಡಿದು, "ಪ್ಲಾಸ್ಟಿಕ್? ಮಾಫಿ ಸೀಲ್," ಸೀಲ್ ಇಲ್ಲ, ಎಂದು ವಾಪಸು ಕೊಟ್ಟ. ಪತ್ರಕ್ಕೆ ಲ್ಯಾಮಿನೇಷನ್ ಆಗಿತ್ತು! ಪ್ಲಾಸ್ಟಿಕ್ಕಿನ ಮೇಲೆ ಸೀಲಿನ ಶಾಯಿ ನಿಲ್ಲುವುದೆಲ್ಲಿ?

ನಮ್ಮ ಕಡೆಯ ಯಾವ ಮನೆಯಲ್ಲಿ ಇದಾಗಿಲ್ಲ ಹೇಳಿ! ಭಾವನ ಅಪ್ಪ ಉಡುಪಿ ಕಡೆ ಬಸ್ ಕಂಡಕ್ಟರಾಗಿದ್ದರು. ಮಗನ ಪದವಿ ಬಂದ ಸಂಜೆಯೇ ಅದನ್ನು ಪ್ಲಾಸ್ಟಿಕ್ಕಿನೊಳಗೆ ಭದ್ರ ಮಾಡಿಸಿ, ಚರ್ಮದ ಚೀಲದಲ್ಲಿಟ್ಟುಕೊಂಡು, ಟಿಕೆಟಿನ ಜೊತೆ ಪ್ರಯಾಣಿಕರಿಗೆಲ್ಲ ತೋರಿಸಿದ್ದರಂತೆ. "ಮಳೆ ತಾಗ್ಬಾರ್ದು, ಬೆವರು ತಾಗ್ಬಾರ್ದು." ತಾಗಲಿಲ್ಲ. ಸರ್ಕಾರದ ಸೀಲೂ ತಾಗಲಿಲ್ಲ!

ನಾನು ವಿಮಾ ಕಂಪನಿಯ ನೌಕರ. ಹಗಲು ಸಂಬಳಕ್ಕಾಗಿ ಚಿಂತೆ ಮಾಡುತ್ತೇನೆ, ಸಂಜೆ ಹವ್ಯಾಸಕ್ಕಾಗಿ. ಶುಕ್ರವಾರ ಸಂಜೆ ದುಬೈಯ ಇನ್ನೊಂದು ತುದಿಯ ಸಿಲಿಕಾನ್ ಓಯಸಿಸ್‌ನಿಂದ ನಾನು ಓಡಿ ಬರುವಷ್ಟರಲ್ಲಿ ಊಟದ ಮೇಜು ಆಪರೇಷನ್ ವಲಯವಾಗಿತ್ತು. ಅಕ್ಕನ ಕೈಯಲ್ಲಿ ಹೇರ್ ಡ್ರೈಯರ್, ಭಾವನ ಕೈಯಲ್ಲಿ ಪದವಿಯ ಮೂಲೆ.

"ಸುಟ್ಟುಹೋದ್ರೆ? ಅಕ್ಷರ ಎದ್ದು ಬಂದ್ರೆ? ಯೂನಿವರ್ಸಿಟಿಗೆ ಇನ್ನೊಂದು ಪ್ರತಿಗೆ ಬರೆದು ಹಾಕಿ, ಅದು ಬರುವಷ್ಟರಲ್ಲಿ ಆಫೀಸಿಗೆ ಹೊಸಬ ಬಂದು ಕೂತಿದ್ರೆ?" ಎಂದೆ.

"ಮೊದಲು ನಿನ್ನ ಬಾಯಿಗೆ ಲ್ಯಾಮಿನೇಷನ್ ಮಾಡಿಸ್ಬೇಕು," ಎಂದಳು ಅಕ್ಕ.

ಬಿಸಿಗಾಳಿಗೆ ಪ್ಲಾಸ್ಟಿಕ್ ಮೆತ್ತಗಾಯಿತು. ಭಾವ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಳೆದರು. ಅವರ ಹೆಸರಿನ ಸಾಲು ಬಂದಾಗ ನಾನು ಮೇಜಿನ ಅಂಚು ಹಿಡಿದುಕೊಂಡೆ. ಕೊನೆಗೆ ಪರ್‍ರ್ ಎಂದು ಇಡೀ ಪೊರೆ ಬಿಟ್ಟುಕೊಂಡು, ಹಳೆಯ ಕಾಗದ ಹೊಸ ಕೂಸಿನ ಹಾಗೆ ಮೇಜಿನ ಮೇಲೆ ಮಲಗಿತು. ಒಂದಕ್ಷರವೂ ಹೋಗಿರಲಿಲ್ಲ! ಅಕ್ಕ ಪ್ಲಾಸ್ಟಿಕ್ಕನ್ನು ಕಸಕ್ಕೆ ಹಾಕಲು ಎತ್ತಿಕೊಂಡಾಗ ಭಾವ ಅದನ್ನು ಕಿತ್ತುಕೊಂಡು ಮಡಚಿ ಜೇಬಿಗಿಟ್ಟರು. "ಇರ್ಲಿ."

ಸೀಲುಗಳು ಬಿದ್ದವು. ಸಂದರ್ಶನದ ದಿನ ನಾನು ಹೊರಗೆ ಕಾಯುತ್ತ ಕೂತೆ. ಭಾವ ನಗುತ್ತ ಬಂದರು.

"ಎಂತ ಕೇಳಿದ್ರು?"

"ಯೋಜನೆಯಲ್ಲಿ ಮೊದಲು ನೋಡುವುದು ಎಂತದು ಅಂತ. 'ಜನ ಹೊರಗೆ ಹೋಗುವ ದಾರಿ' ಅಂದೆ. 'ನಿಮ್ಮ ಈ ಕೋಣೆಯಲ್ಲಿ ಬಾಗಿಲಿಗೆ ಅಡ್ಡ ಮೇಜು ಉಂಟು, ಬೆಂಕಿ ಬಿದ್ರೆ ನಾವು ನಾಲ್ವರೂ ಖಲಾಸ್' ಅಂತ ಕೂಡ ಹೇಳಿದೆ."

ನಾವೇ ಖಲಾಸ್ ಎಂದುಕೊಂಡೆ ನಾನು! "ಆಮೇಲೆ?"

"ಆಮೇಲೆ ಎಲ್ಲರೂ ಸೇರಿ ಮೇಜು ಸರಿಸಿದೆವು."

ಸ್ವಲ್ಪ ದಿನಕ್ಕೇ ಕಾರ್ಡು ಬಂತು! ಭಾವನ ಫೋಟೋ, ಭಾವನ ಹೆಸರು, ಕೆಳಗೆ ಅಚ್ಚಾದ 'ಯೋಜಕ' ಎಂಬ ಶಬ್ದ. ಅಕ್ಕ ಪಾಯಸಕ್ಕಿಟ್ಟಳು, ಮಗಳು ಕುಣಿದಳು. ಭಾವ ಮಾತ್ರ ನನ್ನನ್ನು ಎಳೆದುಕೊಂಡು ಕೆಳಗಿನ ಟೈಪಿಂಗ್ ಸೆಂಟರಿಗೆ ಓಡಿದರು. ಅದರ ಮಾಲೀಕರು ಭಟ್ಕಳದವರು, ವೀಸಾದ ಅರ್ಜಿಯಿಂದ ಜೆರಾಕ್ಸ್‌ವರೆಗೆ ಎಲ್ಲ ಮಾಡಿಕೊಡುತ್ತಾರೆ.

"ಇದಕ್ಕೊಂದು ಲ್ಯಾಮಿನೇಷನ್."

ಮಾಲೀಕರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಸಾರ್, ಇದೇ ಪ್ಲಾಸ್ಟಿಕ್ಕು! ಯಾಕೆ ಬೇಕು?"

"ಭಾವ, ಈ ಊರಲ್ಲಿ ಮಳೆಯೇ ಅಪರೂಪ. ಮೆಷೀನಿನ ಬಿಸಿಗೆ ಕಾರ್ಡು ಕರಗಿದ್ರೆ?" ಎಂದೆ ನಾನು.

ಭಾವ ಜೇಬಿಗೆ ಕೈ ಹಾಕಿ ಆ ಹಳೆಯ ಪ್ಲಾಸ್ಟಿಕ್ಕಿನ ಮಡಿಕೆಯನ್ನು ಸವರಿದರು. "ಅಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಹಾಕಿಸಿ, ನಾಲ್ಕು ಬಸ್ಸಿಗೆ ತೋರಿಸಿ ಬರ್ತಿದ್ರು."

ಮಾಲೀಕರು ಮೆಷೀನಿನ ಬಿಸಿ ತಗ್ಗಿಸಿದರು. ಕಾರ್ಡು ಒಳಗೆ ಹೋಗುವಾಗ ಭಾವನ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು. ನಾನು ಅಲುಗಾಡದೆ ನಿಂತೆ.

"ಜಾಗ್ರತೆ ಆಯ್ತಾ," ಎಂದರು ಭಾವ. "ನಡುವೆ ಗಾಳಿ ಇರ್ಬಾರ್ದು."