ಬಗ್ಗುವ ಫೋನು, ಬಗ್ಗದ ಕಂಪ್ಯೂಟರು

ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದಷ್ಟು ಕಾಲ ನನಗೂ ಒಂದು ಮರ್ಯಾದೆ ಇತ್ತು. ಜಪಾನಿ ಕಂಪನಿಯ ಶಿನಾಗಾವಾ ಆಫೀಸಿನಲ್ಲಿ ಮೊಬೈಲಿಗೆ ಬರೆಯಲು ಕೂರಿಸಿದ ಮೇಲೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಈ ಸಲ ಮೈಸೂರಲ್ಲಿ ತಂಗಿ ಮದುವೆ ಬೇರೆ. ಗಿರಾಕಿ ಕಂಪನಿಯೊಂದರ ಗೋದಾಮಿನ ಆ್ಯಪ್ ಒಪ್ಪಿಗೆಯಾದರೆ ಮಾತ್ರ ರಜೆ ಅಂತ ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಕಾಚೋ-ಸಾನ್, ನಗುನಗುತ್ತಲೇ ಹೇಳಿಬಿಟ್ಟಿದ್ದರು.

೧. ಒಂದನ್ನೂ ಬಿಡಬೇಡಿ

ಗೋದಾಮಿನ ಹಳೇ ಕಂಪ್ಯೂಟರ್ ಪರದೆಯಲ್ಲಿ ರಾಗಿ ಚೆಲ್ಲಿದ ಹಾಗೆ ಬಟನ್‌ಗಳು. ಅಲ್ಲಿ ಮೌಸ್ ಇತ್ತು, ನಡೆಯಿತು. ಫೋನಿನಲ್ಲಿ ಒತ್ತುವುದು ಹೆಬ್ಬೆರಳು ಸ್ವಾಮಿ! "ನಾಲ್ಕು ಇಟ್ಟು ಮಿಕ್ಕಿದ್ದು ತೆಗೆಯೋಣ" ಅಂದೆ.

"ಒಂದನ್ನೂ ತೆಗೀಬೇಡಿ. ಹಳಬರಿಗೆ ಬೇಜಾರಾಗುತ್ತೆ" ಅಂದರು ಕಾಚೋ-ಸಾನ್.

ಹಟಕ್ಕೆ ಬಿದ್ದು ಅಷ್ಟನ್ನೂ ತುರುಕಿದೆ. ಅವರು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ತುಂಬಾ ಚೆನ್ನಾಗಿದೆ. ಮೌಸ್ ಎಲ್ಲಿ ಸಿಕ್ಕಿಸೋದು?"

೨. ಉಪ್ಪಿಟ್ಟಿನ ಫೋಟೋ

ಕಂಪ್ಯೂಟರನ್ನು ರೈಲಿನಲ್ಲಿ ಪರೀಕ್ಷೆ ಮಾಡು ಅಂತ ಯಾರೂ ಹೇಳಲ್ಲ. ಆ್ಯಪನ್ನು ಮಾತ್ರ "ಓಡಾಡ್ತಾ ನೋಡಿ" ಅಂತ ಅಪ್ಪಣೆ. ನಜ್ಜುಗುಜ್ಜಾದ ಪೆಟ್ಟಿಗೆಗಳ ಫೋಟೋ ತೆಗೆಯುವುದು ಆ ಆ್ಯಪಿನ ಕೆಲಸ. ನಮ್ಮ ಮನೆಯಿರುವ ಗ್ಯೋಟೋಕುವಿನಿಂದ ಹೊರಟ ಬೆಳಗಿನ ರೈಲಿನಲ್ಲಿ ಪೆಟ್ಟಿಗೆ ಎಲ್ಲಿಂದ ತರಲಿ? ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಅದಕ್ಕೇ ಫೋನ್ ಹಿಡಿದೆ. ಇಲ್ಲಿನ ಫೋನಿನಲ್ಲಿ ಕ್ಯಾಮೆರಾದ ಸದ್ದು ಅಡಗಿಸಲು ಬರುವುದಿಲ್ಲ, ಕದ್ದು ಯಾರ ಫೋಟೋನೂ ತೆಗೆಯಬಾರದು ಅಂತ.

ಖಚಕ್! ಪಿಟ್ಟೆನ್ನದ ಬೋಗಿ ಇಡಿಯಾಗಿ ನನ್ನತ್ತ ತಿರುಗಿತು. ಎದುರು ಕೂತಿದ್ದ ಅಜ್ಜಿ ಕಣ್ಣಲ್ಲೇ ಸುಟ್ಟರು. "ಸುಮಿಮಾಸೆನ್, ಸುಮಿಮಾಸೆನ್" ಅಂತ ಕ್ಷಮೆ ಕೇಳುತ್ತಾ ಫೋಟೋ ತೋರಿಸಿದೆ. ಉಪ್ಪಿಟ್ಟು ನೋಡಿ ಅಜ್ಜಿಯ ಮುಖ ಕರಗಿತು.

"ಪಾಪ, ಅಡುಗೆ ನೀವೇ ಮಾಡ್ಕೊಳ್ತೀರಾ?"

ಮಾಡಿದ್ದು ನನ್ನ ಹೆಂಡತಿ. ಅಜ್ಜಿ ಪಾಪ ಅಂದದ್ದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

೩. ಒಪ್ಪಿಗೆ

ಆ್ಯಪ್ ತೋರಿಸುವ ದಿನ ಬಂತು. ಮನೆಯಲ್ಲಿ ಹೆಂಡತಿ ರೇಷ್ಮೆ ಸೀರೆ ಮಡಿಸಿ ಸೂಟ್‌ಕೇಸಿಗೆ ಇಟ್ಟಾಗಿತ್ತು. ನಾನು ಆ್ಯಪ್ ಬರೆದದ್ದು ಫೋನನ್ನು ಒಂದು ಕೈಯಲ್ಲಿ ನೆಟ್ಟಗೆ ಹಿಡಿಯುವವರಿಗೆ. ಇಲ್ಲಿನವರು ಏನು ಕೊಟ್ಟರೂ ಎರಡೂ ಕೈಯಲ್ಲಿ, ಅಡ್ಡಡ್ಡ ಹಿಡಿದು, ಬಗ್ಗಿ ತೆಗೆದುಕೊಳ್ಳುತ್ತಾರೆ. ಗಿರಾಕಿ ಕಂಪನಿಯ ನಿರ್ದೇಶಕರು ಬಗ್ಗಿದರು, ಪರದೆ ಅಡ್ಡ ತಿರುಗಿತು. ಪಕ್ಕದವರಿಗೆ ಕೊಡುತ್ತಾ ಬಗ್ಗಿದರು, ತಲೆಕೆಳಗಾಯಿತು. ಮೇಜಿನ ಸುತ್ತ ಪ್ರತಿಯೊಬ್ಬರೂ ಬಗ್ಗಿದ ಹಾಗೆಲ್ಲ ಅದು ಲಾಗ ಹೊಡೆಯಿತು. ಕಂಪ್ಯೂಟರನ್ನು ಯಾರಾದರೂ ಹೀಗೆ ಕೈಯಿಂದ ಕೈಗೆ ದಾಟಿಸುತ್ತಾರಾ? ನನ್ನ ರಜೆ ಅಲ್ಲಿಗೇ ಹೋಯಿತು ಅಂದುಕೊಂಡೆ.

ನಿರ್ದೇಶಕರು ಮಾತ್ರ ಅರಳಿಹೋದರು. "ಎಂಥಾ ವಿನಯ! ನಾವು ಬಗ್ಗಿದರೆ ಇದೂ ಬಗ್ಗುತ್ತೆ. ಒಪ್ಪಿಗೆ!"

ಹಗಲೂ ರಾತ್ರಿ ತಿದ್ದಿದ ಕೆಲಸಕ್ಕೆ ಒಂದು ಮಾತಿಲ್ಲ, ತಪ್ಪಿಗೆ ಚಪ್ಪಾಳೆ! ಅಷ್ಟಕ್ಕೇ ಬಿಟ್ಟರಾ? ಕಾಚೋ-ಸಾನ್ ನನ್ನ ಕಡೆ ತಿರುಗಿ, "ಈ ಬಗ್ಗೋದನ್ನೇ ಹಳೇ ಕಂಪ್ಯೂಟರಿಗೂ ಹಾಕಿ. ಮುಗಿಸಿ ರಜೆಗೆ ಹೋಗಿ" ಅಂದರು. ನನ್ನ ಬಾಳಿಗೆ ಬೆಂಕಿ ಬೀಳ, ಬಾಯಿಂದ ಬಂದದ್ದು "ಹಾಯ್", ಅಂದರೆ ಇಲ್ಲಿನ ಭಾಷೆಯಲ್ಲಿ ಆಗಲಿ ಸಾರ್.

ಮನೆಗೆ ಬಂದು ಉರಿದುಬಿದ್ದೆ. "ಮೇಜಿನ ಮೇಲೆ ಕೂತಿರೋ ಕಂಪ್ಯೂಟರಿಗೆ ಬಗ್ಗೋದು ಹೇಗೆ ಕಲಿಸ್ಲಿ? ಮದುವೆಯೊಳಗೆ ಮುಗಿಯೋ ಕೆಲಸಾನಾ ಇದು?"

ಹೆಂಡತಿ ಸೀರೆಯನ್ನು ಸೂಟ್‌ಕೇಸಿನಿಂದ ತೆಗೆಯಲಿಲ್ಲ. ನನ್ನ ಅಂಗಿಗಳನ್ನು ಮಾತ್ರ ಒಂದೊಂದಾಗಿ ಹೊರಗಿಟ್ಟಳು.

"ಕಲಿಸಿಬಿಡಿ ರೀ. ನಾನು ಅದನ್ನೇ ಕರ್ಕೊಂಡು ಹೋಗ್ತೀನಿ. ನಮ್ಮತ್ತೆ ಕಾಲಿಗೆ ನಮಸ್ಕಾರಾನಾದ್ರೂ ಮಾಡುತ್ತೆ."