ಪಹಣಿಯಲ್ಲಿಲ್ಲದ ಚಪ್ಪಲಿ

ಮೊದಲೇ ಹೇಳಿ ದಾಖಲೆ ಮಾಡಿಸದ ಯಾವ ವಸ್ತುವೂ ನಮ್ಮ ಮಾವನ ಪಾಲಿಗೆ ಈ ಭೂಮಿಯ ಮೇಲೆ ಇಲ್ಲ! ಅನ್ನ ಇಲ್ಲ, ಸಾರು ಇಲ್ಲ, ಹಸು ಇಲ್ಲ, ಅಳಿಯನಂತೂ ಇಲ್ಲವೇ ಇಲ್ಲ. ಈ ಹುಚ್ಚನ್ನು ಆಡಿಕೊಂಡು ನಕ್ಕವರಲ್ಲಿ ಮೊದಲಿಗ ನಾನೇ. ಇದನ್ನು ಬರೆಯುತ್ತಿರುವ ಬಲಗೈ ಇನ್ನೂ ನನ್ನ ತೋಳಿಗೆ ಅಂಟಿಕೊಂಡಿರುವುದು ಅದೇ ಹುಚ್ಚಿನ ದೆಸೆಯಿಂದ ಎಂದು ಒಪ್ಪಿಕೊಳ್ಳಬೇಕಾದವನೂ ನಾನೇ. ಮಾವನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ, "ಯಾರ್ನ ಕೇಳಿ ನನ್ನ ಹೆಸರು ಬಳಸ್ದೆ? ಎಲ್ಲಿ ಡಿಕ್ಲೇರ್ ಮಾಡಿದ್ದೆ?" ಎಂದು ಬರುತ್ತಾರೆ!

ಅಮ್ಮನ ತಮ್ಮ ಅವರು. ಹೊಣಕೆರೆ ಹತ್ತಿರ ಹೊಲ, ಮನೆ. ಪಾಂಡವಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತೊಂಬತ್ತರ ದಶಕದ ನಡುವಿನಲ್ಲಿ ಊರೂರಿಗೂ ಕಂಪ್ಯೂಟರ್ ಸೆಂಟರುಗಳು ಬಂದವಲ್ಲ, ಆಗ ಒಂದು ಬೇಸಿಗೆ ರಜೆಯಲ್ಲಿ ಮಾವ ಹೋಗಿ ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದರು. ಕಲಿತರು ಅನ್ನುವುದಕ್ಕಿಂತ ಅದು ಅವರ ಮೈಮೇಲೆ ಬಂತು ಅನ್ನುವುದೇ ಸರಿ. ಆ ಭಾಷೆಯಲ್ಲಿ ಒಂದು ಕಟ್ಟುನಿಟ್ಟಿದೆ. ಯಾವ ಹೆಸರನ್ನೇ ಆಗಲಿ, ಬಳಸುವ ಮುಂಚೆ ಅದು ಏನು, ಎಂಥದ್ದು ಎಂದು ಮೇಲ್ಗಡೆಯೇ ಹೇಳಿಬಿಡಬೇಕು. ಇದನ್ನು ಕೇಳಿದ್ದೇ ತಡ, ನಲವತ್ತು ವರ್ಷದಿಂದ ಹುಡುಕುತ್ತಿದ್ದ ಗುರು ಸಿಕ್ಕಿದ ಹಾಗಾಯಿತು ಅವರಿಗೆ.

ಮುಚ್ಚಿಹೋದ ಸೆಂಟರೊಂದರ ಹಳೇ ಕಂಪ್ಯೂಟರ್ ತಂದು ನಡುಮನೆಯಲ್ಲಿಟ್ಟು, ಬೇರೆ ಪ್ರೋಗ್ರಾಮುಗಳನ್ನು ಓದುವ ಪ್ರೋಗ್ರಾಮೊಂದನ್ನು ಬರೆಯತೊಡಗಿದರು. ಓದಿ ಏನು ಮಾಡಬೇಕು? ಅದರೊಳಗೆ ಘೋಷಿಸಿದ ಪ್ರತಿಯೊಂದಕ್ಕೂ ಒಂದು ದಾಖಲೆ ಎಬ್ಬಿಸಬೇಕು.

"ಪಹಣಿ ಇದ್ದಂಗೆ ಕಣ್ಲಾ," ಎಂದು ನನಗೆ ವಿವರಿಸಿದರು. "ಸರ್ವೆ ನಂಬರು, ಅದ್ರೊಳಗೆ ಹಿಸ್ಸೆ, ಹಿಸ್ಸೆ ಒಳಗೆ ಮರ. ಇಲ್ಲೂ ಅಂಗೇಯ. ಪ್ರೋಗ್ರಾಮು, ಅದ್ರೊಳಗೆ ಪ್ರೊಸೀಜರು, ಅದ್ರೊಳಗೆ ವೇರಿಯಬಲ್ಲು. ಹೆಸ್ರೇನು, ಯಾವ ಬಗೆ, ಯಾರೊಳಗೈತೆ. ಎಲ್ಲಾಕೂ ಒಂದೇ ನಮೂನೆ ಪಹಣಿ, ಕೊನೇ ಕಾಲಂ ಮಾತ್ರ ಬ್ಯಾರೆ. ಫಂಕ್ಷನ್ ಆದ್ರೆ ಏನ್ ವಾಪಸ್ ಕೊಡ್ತದೆ ಅಂತ ಬರೀಬೇಕು. ಪ್ರೊಸೀಜರು ಏನೂ ಕೊಡಕಿಲ್ಲ, ಕೆಲ್ಸ ಮಾಡ್ಬುಟ್ಟು ಸುಮ್ಕಾಯ್ತದೆ."

ಮುದ್ದೆ ಕಟ್ಟುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಸರಿ ಬುಡಿ, ನಾನು ಪ್ರೊಸೀಜರು. ನೀವು ಯಾವ್ದು? ಕೆಲ್ಸಾನೂ ಮಾಡಕಿಲ್ಲ, ವಾಪಸ್ಸೂ ಕೊಡಕಿಲ್ಲ!"

"ಕಾಮೆಂಟು ಅಂತ ಒಂದೈತೆ ಅತ್ತೆ," ಅಂದೆ ನಾನು. "ಓದೋರಿಗೆ ಮಾತ್ರ ಕಾಣ್ತದೆ. ಕಂಪ್ಯೂಟರ್ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ."

ಆವತ್ತು ನನ್ನ ಮುದ್ದೆಗೆ ತುಪ್ಪ ಎರಡು ಸಲ ಬಿತ್ತು!

ನಾನಾದರೂ ಬಿ.ಎಸ್ಸಿ. ಕೊನೆಯ ವರ್ಷದವನು, ಸುಮ್ಮನಿರುತ್ತೇನೆಯೇ? "ಮಾವ, ಹೇಳದೆ ಬಳಸಿದ ಹೆಸರನ್ನ ಪ್ಯಾಸ್ಕಲ್ ಜೊತೆ ಬರೋ ಕಂಪೈಲರೇ ಹಿಡಿದು ತೋರಿಸುತ್ತೆ. ನೀವ್ಯಾಕೆ ಕಷ್ಟಪಡ್ತೀರಿ?" ಎಂದು ಕೆಣಕಿದೆ.

"ಅದು ಮೊದಲ್ನೇ ತಪ್ಪು ಕಂಡ ತಕ್ಷಣ ಅಲ್ಲೇ ನಿಂತ್ಬುಡ್ತದೆ, ಸೋಂಬೇರಿ! ನಾನು ಊರೆಲ್ಲಾ ಸುತ್ತಿ, ಪಹಣಿ ಇಲ್ದೆ ಯಾರ್ಯಾರು ಉಳ್ತಾವ್ರೆ ಅಂತ ಪಟ್ಟಿ ತಗೀತೀನಿ."

ಹೀಗೆ ಅಭ್ಯಾಸವಾದ ಕಣ್ಣು ಕಂಪ್ಯೂಟರ್ ಮುಂದಿನಿಂದ ಎದ್ದ ಮೇಲೆ ಸುಮ್ಮನಿರುತ್ತದೆಯೇ? ಸಂಜೆ ಹೊತ್ತು ಪಾಂಡವಪುರದ ಇನ್ನೊಂದು ಸೆಂಟರಿನಲ್ಲಿ ಮಾವ ಪಾಠ ಮಾಡುತ್ತಿದ್ದರು. ಆ ಕಾಲದಲ್ಲಿ ಕಂಪ್ಯೂಟರ್ ರೂಮಿಗೆ ದೇವಸ್ಥಾನದ ಮಡಿ. ಚಪ್ಪಲಿ ಹೊರಗೇ ಬಿಡಬೇಕು. ಮಾವ ಹಾಜರಿ ಕೂಗುತ್ತಿರಲಿಲ್ಲ, ಚಪ್ಪಲಿ ಎಣಿಸುತ್ತಿದ್ದರು. ಒಂದು ದಿನ ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು, ಬಾಗಿಲಲ್ಲಿ ಹನ್ನೊಂದು ಜೊತೆ. ಪಾಠ ನಿಲ್ಲಿಸಿದರು. "ಡಿಕ್ಲೇರ್ ಆಗ್ದೆ ಯಾರೋ ಒಳಗವ್ರೆ!" ಹುಡುಕಿದರೆ, ಸೆಂಟರ್ ಮಾಲೀಕನ ಅತ್ತೆ ಪರದೆಯ ಹಿಂದೆ ಎ.ಸಿ. ಗಾಳಿಗೆ ಸೆರಗು ಹೊದ್ದು ಗಡದ್ದಾಗಿ ಮಲಗಿದ್ದಾರೆ!

ಆಮೇಲೆ ಮನೆಗೂ ಪಹಣಿ ಬಂತು. ಉದ್ದನೆಯ ನೋಟ್‌ಬುಕ್ಕು, ಗೆರೆ ಹೊಡೆದ ಕಾಲಂಗಳು. ಹೆಸರು: ಗೌರಿ. ಬಗೆ: ಫಂಕ್ಷನ್. ಯಾರೊಳಗೆ: ಕೊಟ್ಟಿಗೆ. ವಾಪಸ್ ಕೊಡುವುದು: ಹಾಲು. ಹಾಲು ಬತ್ತಿದ ದಿನ ಗೌರಿಗೆ ಪ್ರೊಸೀಜರ್ ಆಗಿ ಹಿಂಬಡ್ತಿ! ಮಂಚ, ಕುಡುಗೋಲು, ಒನಕೆ, ಎಲ್ಲರ ಚಪ್ಪಲಿ, ಎಲ್ಲದಕ್ಕೂ ಒಂದೊಂದು ಸಾಲು. ನನ್ನ ಸಾಲು ಹುಡುಕಿದೆ. ಬಗೆ: ಪ್ಯಾರಾಮೀಟರ್.

"ಇದೇನ್ ಮಾವ?"

"ಇನ್ನೇನ್ಲಾ? ರಜಕ್ಕೆ ಹೊರಗಿಂದ ಬರ್ತೀಯ, ಒಳಗೆ ಉಂಡ್ಕೊಂಡು ತಿರುಗ್ತೀಯ, ರಜ ಮುಗೀತಿದ್ದಂಗೆ ಹೊರಟೋಗ್ತೀಯ. ಪ್ಯಾರಾಮೀಟರ್ರೇ ಅಲ್ವಾ?"

ಅತ್ತೆ ನಕ್ಕರು, ನಾನೂ ನಕ್ಕೆ. ಆದರೆ ಒಳಗೆಲ್ಲೋ ಚುರ್ ಅಂದಿತ್ತು. ಅಪ್ಪ ತೀರಿಕೊಂಡ ಮೇಲೆ ನನಗೆ ಆ ಮನೆ ಬರೀ ರಜದ ಮನೆಯಾಗಿರಲಿಲ್ಲ. ಮಾರನೆಯ ದಿನ ಕೆ.ಆರ್. ಪೇಟೆಗೆ ಹೋದಾಗ ಹೊಸ ಹವಾಯಿ ಚಪ್ಪಲಿ ಕೊಂಡೆ, ಬೇಕೆಂದೇ ಪಹಣಿಗೆ ಬರೆಸಲಿಲ್ಲ. ನನ್ನ ಕೈಲಾದ ಬಂಡಾಯ ಅಷ್ಟೇ!

ಇನ್ನು ಬಾವಿಯ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲದೆ ಇಷ್ಟು ಹೊತ್ತು ಹಸು, ಒನಕೆ ಎಂದು ಸುತ್ತಾಡಿದೆ.

ಹೊಲದಲ್ಲೊಂದು ತೆರೆದ ಬಾವಿ. ನೀರು ತಳಕ್ಕಿಳಿದಿದ್ದರಿಂದ ಪಂಪನ್ನು ಒಳಗಿನ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದರು. ಸ್ಟಾರ್ಟರು ಮೇಲೆ ಶೆಡ್ಡಿನಲ್ಲಿ. ಅಲ್ಲಿ ನಿಂತವನಿಗೆ ಬಾವಿಯ ಒಳಗು ಕಾಣುವುದಿಲ್ಲ. ಅದಕ್ಕೇ ಸ್ಟಾರ್ಟರಿನ ಮೇಲೆ ಮಾವ ಒಂದು ಸ್ಲೇಟು ನೇತುಹಾಕಿ, 'ಬಾವಿ ಒಳಗಿರುವವರು' ಎಂದು ತಲೆಬರಹ ಕೊಟ್ಟಿದ್ದರು. ಇಳಿಯುವವರು ಹೆಸರು ಬರೆದೇ ಇಳಿಯಬೇಕು. ಊರವರೆಲ್ಲ ನಗುತ್ತಿದ್ದರು.

ಆ ಬೆಳಿಗ್ಗೆ ಪಂಪಿನಲ್ಲಿ ನೀರು ಸೋರುತ್ತಿತ್ತು. ಕರೆಂಟು ಇರಲಿಲ್ಲ. ತ್ರೀ ಫೇಸು ಯಾವಾಗ ಬರುತ್ತದೆ ಎಂದು ಬಲ್ಲವರು ಯಾರು? ನಾನೇ ಸರಿಮಾಡೋಣ ಎಂದು ಹೊರಟೆ. ಸ್ಲೇಟು ಕಂಡಿತು, ಬಳಪವೂ ಕಂಡಿತು. ಪ್ಯಾರಾಮೀಟರಿಗೆಂಥ ಸ್ಲೇಟು ಎಂದುಕೊಂಡು, ಬಾವಿಯಂಚಿನಲ್ಲಿ ಚಪ್ಪಲಿ ಬಿಟ್ಟು ಇಳಿದೆ.

ಬಲಗೈಗೆ ಟವೆಲ್ ಸುತ್ತಿ, ಪಂಪು ಮೋಟಾರುಗಳ ನಡುವೆ ತಿರುಗುವ ಕಬ್ಬಿಣದ ದಂಡವನ್ನು ಹಿಡಿದುಕೊಂಡಿದ್ದೆ. ಎಡಗೈ ಇಳಿದುಬಂದ ಏಣಿಯನ್ನು ಹಿಡಿದಿತ್ತು. ಸ್ಪ್ಯಾನರನ್ನು ಹಲ್ಲಲ್ಲಿ ಕಚ್ಚಿದ್ದೆ. ಟವೆಲಿನ ತುದಿ ದಂಡಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು. ಆಗ ಮನೆಯ ಕಡೆಯಿಂದ ಅತ್ತೆಯ ದನಿ: "ಕರೆಂಟ್ ಬಂತು ಕಣ್ರೀ!"

ಮೇಲೆ ಮಾವನ ಹೆಜ್ಜೆ ಸದ್ದು. ಶೆಡ್ಡಿನ ಬಾಗಿಲು ಕಿರ್ ಅಂದಿತು.

ಕೂಗಬೇಕಿತ್ತು. ಸ್ಪ್ಯಾನರ್ ಉಗುಳಿ ಕೂಗಬಹುದಿತ್ತಲ್ಲ? ಸಾವಿರ ಸಲ ಕೇಳಿಕೊಂಡಿದ್ದೇನೆ. ಕಚ್ಚಿದ ಹಲ್ಲು ಸಡಿಲವಾಗಲಿಲ್ಲ, ಅಷ್ಟೇ. ಹಸಿರು ಗುಂಡಿ ಒತ್ತಿದರೆ ಟವೆಲು, ಕೈ, ಆಮೇಲೆ ನಾನು. ಅದೇ ಅನುಕ್ರಮದಲ್ಲಿ ಎಣಿಸುತ್ತಾ ನಿಂತಿದ್ದೆ.

ಮಾವ ಸ್ಲೇಟು ನೋಡಿದರಂತೆ. ಖಾಲಿ. ಬೇರೆ ಯಾರೇ ಆಗಿದ್ದರೂ ಒತ್ತಿಬಿಡುತ್ತಿದ್ದರು. ಮಾವ ಮಾತ್ರ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ, ರೂಢಿಯಂತೆ, ಬಾಗಿಲಾಚೆಗೊಮ್ಮೆ ಕಣ್ಣು ಹಾಯಿಸಿದರು. ಬಾವಿಯಂಚಿನಲ್ಲಿ ಒಂದು ಜೊತೆ ಹೊಸ ಚಪ್ಪಲಿ. ಪಹಣಿಯಲ್ಲಿಲ್ಲದ ಚಪ್ಪಲಿ!

ನನಗೆ ಕೇಳಿಸಿದ್ದು ಫ್ಯೂಸು ಕಿತ್ತ ಸದ್ದು. ಒಂದು, ಎರಡು, ಮೂರು. ಆಮೇಲೆ ಬಾವಿಯ ಬಾಯಲ್ಲಿ ಮಾವನ ಮುಖ.

"ಪ್ಯಾರಾಮೀಟರ್ನೂ ಡಿಕ್ಲೇರ್ ಮಾಡ್ಬೇಕು ಕಣ್ಲಾ, ಕತ್ತೆ ನನ್ಮಗನೇ!" ಎಂದು ಕಿರುಚಿದರು.

ನಾನು ಮೇಲೆ ಬಂದಾಗ ಮಾವ ಬೈಯಲಿಲ್ಲ. ಮೂರು ಫ್ಯೂಸುಗಳನ್ನೂ ಅಂಗೈಯಲ್ಲಿ ಹಿಡಿದು ನಿಂತಿದ್ದರು. ಆ ಪಿಂಗಾಣಿ ಫ್ಯೂಸುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು.

ಅಂದೇ ಸಂಜೆ ಬಿಳಿ ಪೇಂಟು ತಂದು, ಸ್ಲೇಟಿನ ಮೇಲೆ ನನ್ನ ಹೆಸರನ್ನು ಅಳಿಸಲಾಗದ ಹಾಗೆ ಬರೆದರು. "ನಾನು ಒಳಗಿಲ್ಲವಲ್ಲ ಮಾವ, ಇದು ತಪ್ಪು ದಾಖಲೆ," ಅಂದೆ, ನಗಿಸಲು ನೋಡುತ್ತಾ. ಅವರು ನಗಲಿಲ್ಲ. "ಇರ್ಲಿ ಬುಡು," ಎಂದರಷ್ಟೆ.

ಈಗಲೂ ಎಲ್ಲಾದರೂ ಮೋಟಾರು ಗುಂಯ್ ಎಂದರೆ ನಾನು ಬಲಗೈ ನೋಡಿಕೊಳ್ಳುತ್ತೇನೆ. ಮಾವ, ಗುಂಡಿ ಒತ್ತುವ ಮುಂಚೆ ಸ್ಲೇಟು ಓದಿ, ಬಾವಿಯಂಚಿಗೆ ನಡೆದು, ಬಗ್ಗಿ ನನ್ನ ಹೆಸರು ಹಿಡಿದು ಕೂಗುತ್ತಾರೆ. ಪಕ್ಕದಲ್ಲೇ ನಿಂತ ನಾನು "ಇಲ್ಲೇ ಇವ್ನಿ ಮಾವ," ಅಂದ ಮೇಲೇ ಅವರು ಗುಂಡಿಯ ಕಡೆ ತಿರುಗುವುದು. ನಾನು ಊರಲ್ಲಿಲ್ಲದ ದಿನವೂ ಕೂಗುತ್ತಾರಂತೆ. ಕೂಗಿ, ಬಾವಿಯೊಳಗಿಂದ ಯಾರೂ ಓಗೊಡುವುದಿಲ್ಲ ಎಂದು ಖಾತ್ರಿಯಾಗುವ ತನಕ ಕಿವಿಗೊಟ್ಟು ನಿಂತಿರುತ್ತಾರಂತೆ. ಅತ್ತೆ ಹೇಳಿದರು.